ಗಂಗಕ್ಕನ ಕಣ್ಣಿಗೊಂದು ರೀಲು

ಹೊಸದುರ್ಗದಲ್ಲಿ ಮಂಜಣ್ಣನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ಅವನು ಹೇಳಿದಂತೆ ಗದ್ದ ಎತ್ತಿ ಇಳಿಸದವರು ಕಡಿಮೆ. ಎಷ್ಟೋ ಮದುವೆ ಗಂಡುಗಳ ಹೆದರಿಕೆಯನ್ನು ನಗುವಾಗಿ ಮಾಡಿದ ಮನುಷ್ಯ. ಅಂಥವನಿಗೆ ಸ್ವಂತ ಅಕ್ಕನ ಫೋಟೋ ಮಾತ್ರ ಒಂದೂ ಸರಿಯಾಗಿ ಬಂದಿರಲಿಲ್ಲ. ಗಂಗಕ್ಕ ಎಲ್ಲದರಲ್ಲೂ ಕಣ್ಣು ಮುಚ್ಚಿರುತ್ತಾಳೆ. ಮಗನ ಮದುವೆಯಲ್ಲೂ, ಮೊಮ್ಮಗಳ ನಾಮಕರಣದಲ್ಲೂ, ನೆಂಟರ ನಡುವೆ ಅವಳೊಬ್ಬಳು ನಿಂತೇ ನಿದ್ದೆ ಹೋದಂತೆ.

"ನಾನು ಸತ್ತ ಮ್ಯಾಲೆ ಹಾರ ಹಾಕಾಕೆ ಒಂದು ಫೋಟೋ ಬೇಕಲ್ಲೋ. ಬದುಕಿದ್ದಾಗಿಂದು ಅಂತ ಜನ ನಂಬಂಗೆ ತೆಗಿ" ಎಂದು ತಮ್ಮನನ್ನು ಕೆಣಕುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅವಳು ಜ್ವರದಿಂದ ಮಲಗಿ ಎದ್ದ ಮೇಲೆ ಮಂಜಣ್ಣನಿಗೆ ಆ ಮಾತು ತಮಾಷೆಯಾಗಿ ಉಳಿಯಲಿಲ್ಲ.

ಜೋಗಿಮಟ್ಟಿ ಕಾಡಿಗೆ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದವರಿಗೆ ಅವನು ದಾರಿ ತೋರಿಸಿದ್ದ. ಹೋಗುವಾಗ ಅವರು ಉಳಿದಿದ್ದ ಒಂದು ರೀಲನ್ನು ಕೈಗಿಟ್ಟರು. ಸಿನಿಮಾದ ಕಲರ್ ನೆಗೆಟಿವ್, ಹಗಲಿನ ಬೆಳಕಿಗೆಂದೇ ಮಾಡಿದ್ದು. ಬಹಳ ನಿಧಾನದ ಫಿಲ್ಮು. ಬಿಸಿಲು ಧಾರಾಳವಾಗಿ ಸುರಿದರೆ ಮಾತ್ರ ಚಿತ್ರ ಹಿಡಿಯುತ್ತದೆ, ಹಿಡಿದರೆ ಕಂಬಳಿಯ ಒಂದೆಳೆಯನ್ನೂ ಬಿಡುವುದಿಲ್ಲ. ಓಡುವುದು ಮೂರು ನಿಮಿಷಕ್ಕೂ ಕಡಿಮೆ. ಕೀಲಿ ಕೊಟ್ಟರೆ ತಿರುಗುವ ಹಳೆಯ ಸಿನಿಮಾ ಕ್ಯಾಮೆರಾ ಅವನ ಬೀರುವಿನಲ್ಲೇ ಇತ್ತು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಅಷ್ಟರಲ್ಲಿ ಒಂದರಲ್ಲಾದರೂ ಅಕ್ಕ ಕಣ್ಣು ಬಿಟ್ಟಿರಲೇಬೇಕು.

ಮೊಬೈಲಿನಲ್ಲೇ ತೆಗೆಯಬಹುದಲ್ಲ ಎಂದವರಿಗೆ ಅವನ ಉತ್ತರ ಸಿದ್ಧವಿತ್ತು. "ಮೊಬೈಲು ಮುಖಕ್ಕೆಲ್ಲ ಮೈದಾ ಬಳಿತೈತೆ. ನಮ್ಮಕ್ಕನ ಸುಕ್ಕು ದುಡಿದು ತಗಂಡಿದ್ದು, ಅಳಿಸಾಕೆ ಅದ್ಯಾರು?"

ಯಲ್ಲದಕೆರೆ ಹತ್ತಿರದ ಹಟ್ಟಿಯಲ್ಲಿ ಗಂಗಕ್ಕ ಹೊಸ ಸೀರೆಯುಟ್ಟು ಕಾದಿದ್ದಳು. ಮಂಜಣ್ಣ ಅವಳನ್ನು ನಡುಮಧ್ಯಾಹ್ನದ ಬಯಲಲ್ಲಿ ನಿಲ್ಲಿಸಿ, ಕ್ಯಾಮೆರಾ ಕಣ್ಣಿಗೊತ್ತಿ ಕೂಗಿದ: "ರೆಡೀ!"

ಗಂಗಕ್ಕ ಕಣ್ಣು ಮುಚ್ಚಿದಳು.

"ಕಣ್ಣು ಬಿಡಕ್ಕ! ರೀಲು ಓಡ್ತೈತೆ!"

"ಮಿಂಚು ಹೊಡೀಲಿ, ಆಮ್ಯಾಲೆ ಬಿಡ್ತೀನಿ."

"ಇದ್ರಾಗೆ ಮಿಂಚಿಲ್ಲ, ಬರೀ ಬಿಸ್ಲು!"

"ಬಿಸ್ಲಿಗೆ ನಿಲ್ಸಿ ಕಣ್ಣು ಬಿಡು ಅಂತೀಯಲ್ಲೋ. ನೀನು ಬಂದು ನಿಂತ್ಕ, ನೋಡಾಣ."

ವರ್ಷಗಟ್ಟಲೆ "ರೆಡಿ" ಎಂದು ಕೂಗಿ ಅವಳ ಮುಖಕ್ಕೆ ಫ್ಲ್ಯಾಶ್ ಹೊಡೆದವನು ತಾನೇ. ಆ ಕೂಗಿಗೆ ಅಕ್ಕನ ರೆಪ್ಪೆಗಳು ಇಷ್ಟು ವಿಧೇಯವಾಗಿ ಪಳಗಿವೆ ಎಂದು ಹೊಳೆಯುವಷ್ಟರಲ್ಲಿ, ಹಟಕ್ಕೆ ಬಿದ್ದು ಮತ್ತೆ ಮತ್ತೆ ಕೀಲಿ ಕೊಟ್ಟವನ ಅರ್ಧ ರೀಲು ಮುಗಿದಿತ್ತು.

ಹೊತ್ತು ಮುಳುಗುವಾಗ ಗಂಗಕ್ಕನ ಮಗ ಕಾಟಯ್ಯ ಕುರಿ ಹೊಡೆದುಕೊಂಡು ಬಂದ. ಹೆಗಲಿಗೆ ಕಂಬಳಿ ಹಾಕಿಕೊಂಡ ಗಂಗಕ್ಕ ರೊಪ್ಪದ ಮುಳ್ಳುಬೇಲಿಯ ಬಾಗಿಲಲ್ಲಿ ನಿಂತು, ಒಳಗೆ ನುಗ್ಗುವ ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸತೊಡಗಿದಳು. ಧೂಳು ಮುಖಕ್ಕೇ ಎದ್ದಿತು. ರೆಪ್ಪೆ ಮಾತ್ರ ಅಲುಗಲಿಲ್ಲ. ರೆಪ್ಪೆ ಬಡಿದರೆ ಎಣಿಕೆ ತಪ್ಪುತ್ತದೆ, ತಪ್ಪಿದರೆ ಎಲ್ಲವನ್ನೂ ಹೊರಗೆ ಹೊಡೆದು ಮೊದಲಿಂದ ಎಣಿಸಬೇಕು. ಮಂಜಣ್ಣ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡಿದ. ಆ ಬೆಳಕು ಅವನ ಫಿಲ್ಮಿಗೆ ಕತ್ತಲೆಗೆ ಸಮ.

"ನಾಳೆ ಬಿಸ್ಲು ಇರಾಗ್ಲೇ ಕುರಿ ತರ್ತೀಯೇನಪ್ಪ?" ಎಂದು ಕಾಟಯ್ಯನನ್ನು ಕೇಳಿದ.

"ನಿನ್ನ ಸಿನಿಮಾಕ್ಕೆ ನನ್ನ ಕುರಿ ಉಪಾಸ ಇರ್ಬೇಕಾ ಮಾವ?"

ಗೊಣಗಿದರೂ ಮರುದಿನ ಬಿಸಿಲಿರುವಾಗಲೇ ತಂದ. ಮಂಜಣ್ಣ ಬೇಲಿಯಾಚೆ ಕುಕ್ಕರುಗಾಲಲ್ಲಿ ಕೂತ. "ರೆಡಿ" ಎನ್ನದೆ ಚಿತ್ರ ತೆಗೆಯುವುದು ಅವನಿಗೆ ಸೀನು ತಡೆದುಕೊಂಡಷ್ಟು ಕಷ್ಟವಾಯಿತು. ಕ್ಯಾಮೆರಾ ಕಿರ್ರೆಂದಿತು. ಅಕ್ಕ ಎಣಿಸಿದಳು. ಮರಿಯೊಂದು ಓರೆಗೆ ಓಡಿತು, ಅವಳು ಬೈದಳು, ರೀಲು ಮುಗಿಯಿತು.

ತೊಳೆಯಲು ಮುಂಬೈಗೆ ಕಳಿಸಿದ ರೀಲು ಬರುವವರೆಗೆ ಮಂಜಣ್ಣ ಗಿರಾಕಿಗಳ ಗದ್ದ ಎತ್ತಿಸುವುದನ್ನೂ ಮರೆತಿದ್ದ. ಬಂದ ಮೇಲೆ ಅದರಿಂದ ಒಂದು ಚಿತ್ರವನ್ನು ಆರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಅಕ್ಕನ ಮುಂದೆ ಹಿಡಿದ. ಕಂಬಳಿಯ ಎಳೆ, ಹಣೆಯ ಸುಕ್ಕು, ಹುಬ್ಬಿಗೆ ಅಂಟಿದ ಧೂಳು, ಎಲ್ಲ ಅಲ್ಲಿತ್ತು. ನಡುವೆ ಅಗಲವಾಗಿ ತೆರೆದ ಎರಡು ಕಣ್ಣು.

ಗಂಗಕ್ಕ ಕಟ್ಟನ್ನು ಕಸಿದು ಕಣ್ಣ ಹತ್ತಿರ ತಂದಳು.

"ಲೇ ಮಂಜ, ಬಾಯೂ ತೆಗ್ದಿದೀನಲ್ಲೋ!"

"ಮರಿನ ಬೈತಿದ್ದೆ ಕಣಕ್ಕ. ಬ್ಯಾರೆದು ಹುಡುಕ್ಲೇನು?"

"ಬ್ಯಾಡ, ಇದೇ ಇರ್ಲಿ. ರೊಪ್ಪದ ಕಡೆ ಮುಖ ಮಾಡಿ ತೂಗಾಕು. ಕಾಟಯ್ಯ ಯಾವ್ದಾದ್ರೂ ಕುರಿ ಬಿಟ್ಟು ಬಂದ್ರೆ ಅಲ್ಲಿಂದ್ಲೇ ಬೈತೀನಿ."