ಹೊಸ ಡಬ್ಬಿಗೆ ಗುರುತಿಲ್ಲದ ಕೀ

ನನ್ನ ಗಂಡನ ಅಣ್ಣನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ. ದೊಡ್ಡ ಮನಸ್ಸು ಮಾಡು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಮನೆಯಲ್ಲಿ ಇಂಥ ಭಾವ ಇಲ್ಲ, ಅಷ್ಟೇ.

ನಾನು ಮದುಮಗಳಿಗೆ ಮೇಕಪ್ ಮಾಡುವವಳು. ಮನೆ ಕುಂದಾಪುರದಲ್ಲಿ, ಕೆಲಸ ಮಾತ್ರ ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಹಾಲ್‌ನಲ್ಲಿ ಮದುವೆಯೋ ಅಲ್ಲಿ. ಬೆಳಕು ಹರಿಯುವಾಗ ಪೆಟ್ಟಿಗೆ, ಇಸ್ತ್ರಿಪೆಟ್ಟಿಗೆ, ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ಎಲ್ಲ ಹೊತ್ತುಕೊಂಡು ಅಲ್ಲಿರಬೇಕು. ಬಸ್ಸಿನಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ನನ್ನ ದುಡಿಮೆಯಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಆರ್‌ಸಿಯಲ್ಲಿ ಇರುವುದು ನನ್ನ ಹೆಸರು. ಆದರೆ ಕೂಡು ಮನೆಯ ಅಂಗಳಕ್ಕೆ ಬಂದ ಮೇಲೆ ಅದು ಮನೆ ಕಾರು. ಎರಡು ಕೀಗಳಲ್ಲಿ ಒಂದು ಮೊದಲ ದಿನವೇ ಭಾವನ ಕಿಸೆಗೆ ಹೋಯಿತು.

"ಎಮರ್ಜೆನ್ಸಿಗೆ ಬೇಕಾತ್ತ್," ಎಂದರು ಭಾವ.

ನನ್ನ ಗಂಡ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಫೋನ್ ಮಾಡಿ ಹೇಳಿದರೆ, "ಅಣ್ಣ ಅಲ್ದಾ, ಇರ್ಲಿ ಬಿಡ್," ಎಂದು ಮಾತು ಮುಗಿಸಿದರು.

ಭಾವ ದೇವಸ್ಥಾನದ ಕಮಿಟಿಯವರು. ಮೀನಿಲ್ಲದೆ ಊಟ ಮಾಡದವರೂ ಹೌದು. ಅವರ ಎಮರ್ಜೆನ್ಸಿ ಎಂದರೆ ಈ ಎರಡೇ. ಕಾರಿನ ಡಿಕ್ಕಿಯಲ್ಲಿ ದೇವಸ್ಥಾನದ ತೆಂಗಿನಕಾಯಿ, ಅಕ್ಕಿ, ಎಣ್ಣೆ ಡಬ್ಬ ಹೋಗುತ್ತದೆಂದು ಅಲ್ಲಿ ಮೀನು ಇಡುವಂತಿಲ್ಲ. ಸೀಟಿನ ಮೇಲೆ ಇಟ್ಟರೆ ಮೈಲಿಗೆಯೋ ಅಲ್ಲವೋ, ವಾಸನೆಯಂತೂ ಆಗುತ್ತದೆ. ಹಾಗಾಗಿ ಗಂಗೊಳ್ಳಿ ಬಂದರಿನಿಂದ ತರುವ ಬಂಗುಡೆ ಚೀಲ ಮುಂದಿನ ಎಡಗಡೆ ಸೀಟಿನ ಕಾಲಡಿಯಲ್ಲಿ ಕೂರುತ್ತಿತ್ತು. ದೇವರಿಗೆ ಹಿಂದಿನ ಜಾಗ, ಮೀನಿಗೆ ಮುಂದಿನ ಜಾಗ, ಮರುದಿನ ಬೆಳಿಗ್ಗೆ ಫಿನೈಲ್ ಹಾಕಿ ಒರೆಸಲು ನಾನು.

ಮಳೆಗಾಲ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ಕಾರಿಗೆ ಹುಚ್ಚು ಹಿಡಿಯಿತು. ಸುಡು ಬಿಸಿಲಿನಲ್ಲಿ ವೈಪರ್ ತಾನಾಗಿ ಆಡುವುದು, ನಿಲ್ಲಿಸಿಟ್ಟ ಕಾರಿನ ಬಾಗಿಲು ತಾನೇ ಲಾಕ್ ಆಗುವುದು, ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿರುವುದು. ಹೊಸ ಬ್ಯಾಟರಿ ಹಾಕಿಸಿದೆ, ಅದೂ ಸತ್ತಿತು. ಬೈಂದೂರಿನಲ್ಲಿ ಒಂದು ದೊಡ್ಡ ಮದುವೆ ಇದ್ದ ದಿನ ಕಾರು ಜಪ್ಪಯ್ಯ ಎಂದರೂ ಏಳಲಿಲ್ಲ. ತಳ್ಳಲು ಬಂದ ನೆರೆಯವರೆಲ್ಲ ಇರುವಾಗಲೇ ಭಾವ ಜಗುಲಿಯಲ್ಲಿ ನಿಂತು ಹೇಳಿದರು:

"ರಾತ್ರಿ ಲೈಟ್ ಆರ್ಸದ್ದೇ ಬಂದ್ ಮಲ್ಕಂಡಿರತ್ತ್. ಹೆಂಗ್ಸ್ರ್ ಕೈಗೆ ಕಾರ್ ಕೊಟ್ರೆ ಇಷ್ಟೇ ಕಾಣಿ."

ಬಾಡಿಗೆ ಕಾರು ಹಿಡಿದು ನಾನು ಹೋಗಿ ಮುಟ್ಟುವಾಗ ಮದುಮಗಳು ಧಾರೆಗೆ ತಯಾರಾಗಿ ಕುಳಿತಿದ್ದಳು. ಅವಳ ಚಿಕ್ಕಮ್ಮ ಯಾರೋ ಕೈಗೆ ಸಿಕ್ಕಿದ್ದು ಬಳಿದು ಮುಗಿಸಿದ್ದರು. ಆ ಹುಡುಗಿ ನನ್ನನ್ನು ನೋಡಿ ಬೈಯಲಿಲ್ಲ, ಕಣ್ಣು ತುಂಬಿಕೊಂಡಳು. ಬೈದಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಭಾವ ಅಲ್ಲಿಗೆ ಬಿಡಲಿಲ್ಲ. ಕಮಿಟಿಯವರ ಮುಂದೆ ಚಹಾ ಕುಡಿಯುತ್ತಾ ಇದೇ ಕತೆ ಹೇಳಿದರು. ಕಮಿಟಿಯವರು ಅವರವರ ಮನೆಯಲ್ಲಿ ಹೇಳಿದರು. ಕೊನೆಗೆ ಬ್ರಹ್ಮಾವರದ ಒಬ್ಬರು, ಮಗಳ ಮದುವೆಗೆ ನನ್ನನ್ನು ಗೊತ್ತು ಮಾಡಿದವರು, ಫೋನಿನಲ್ಲಿ ನಗುತ್ತಾ ಕೇಳಿದರು: "ಲೈಟ್ ಎಲ್ಲ ಆರ್ಸ್ಕಂಡ್ ಸಮಾ ಹೊತ್ತಿಗೆ ಬತ್ರಿ ಅಲ್ದಾ?" ಹೇಳಿದ ಹೊತ್ತಿಗೆ ಬರುವವಳು ಎಂಬ ಒಂದು ಹೆಸರು ಸಂಪಾದಿಸಲು ನಾನು ಎಷ್ಟು ಮದುವೆಗಳ ಬೆಳಗಿನ ನಿದ್ದೆ ಬಿಟ್ಟಿದ್ದೇನೆ! ಅದನ್ನು ಈ ಮನುಷ್ಯ ಒಂದು ಲೋಟ ಚಹಾದ ಜೊತೆ ಕುಡಿದು ಮುಗಿಸಿದ್ದರು. ಮೇಲಿಂದ, ಕಾರು ಮಾರಿಬಿಡುವ ಎಂದೂ, ನೋಡಲು ಬ್ರೋಕರ್ ಬರುತ್ತಾನೆ ಎಂದೂ ಹೇಳಿದರು. ನನ್ನ ಕಾರನ್ನು, ನನ್ನನ್ನು ಕೇಳದೆ.

ಅವತ್ತೇ ಕಾರನ್ನು ಬ್ರಹ್ಮಾವರದ ಒಂದು ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ ಸುಮಾರು ಹೊತ್ತು ನೋಡಿದ. ಆಮೇಲೆ ಎಡಗಡೆ ಕಾಲಡಿಯ ಮೂಲೆಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಒಳಗಿನಿಂದ ಅಂಗೈಯಗಲದ ಒಂದು ಕಪ್ಪು ಡಬ್ಬಿ ತೆಗೆದ. ಲೈಟು, ವೈಪರು, ಲಾಕು, ಎಲ್ಲಕ್ಕೂ ಅಪ್ಪಣೆ ಕೊಡುವ ಮಾಡ್ಯೂಲ್ ಅದೇ ಅಂತೆ. ಅದರ ಪಿನ್ನುಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ಮೂಸಿ ನೋಡಿದ ಅವನ ಮುಖ ಒಂದು ಥರವಾಯಿತು.

"ಅಕ್ಕಾ, ನೀವ್ ಕಾರಂಗೆ ಮೀನ್ ಯಾಪಾರ ಮಾಡ್ತ್ರ್ಯಾ?"

ಡಬ್ಬಿಯ ಅಂಚಿಗೆ ಮೀನಿನ ಮೈಯಿಂದ ಉದುರಿದ ಹೆರೆ ಅಂಟಿಕೊಂಡಿತ್ತು. ಚೀಲದಿಂದ ಸೋರಿದ ಉಪ್ಪುನೀರು ಕಾರ್ಪೆಟ್ಟಿಗೆ ಇಳಿದು, ತಿರುವು ತಿರುವಿಗೂ ಆ ಮೂಲೆಗೆ ಚಿಮ್ಮಿ, ಒಳಗೊಳಗೇ ತಿಂದುಹಾಕಿತ್ತು. ಡಬ್ಬಿ ಕೆಟ್ಟದ್ದರಿಂದ ಕಾರು ರಾತ್ರಿಯೆಲ್ಲ ಎಚ್ಚರವಿದ್ದು ಬ್ಯಾಟರಿ ಕುಡಿಯುತ್ತಿತ್ತು. ಲೈಟ್ ಆರಿಸದೆ ಬಿಟ್ಟವಳು ನಾನಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಆಮೇಲೆ ಸಿಟ್ಟು ಬಂತು, ಹಿಂದೆ ಬಂದದ್ದೆಲ್ಲ ಏನೂ ಅಲ್ಲ ಎನ್ನುವಂಥ ಸಿಟ್ಟು.

ಹೊಸ ಡಬ್ಬಿ ಬಂದ ದಿನ ಮತ್ತೆ ಹೋದೆ. ಅದನ್ನು ಕೂರಿಸಿದರೆ ಸಾಲದು, ಇದು ಯಾವ ಕಾರು, ಅದರ ಕೀ ಯಾವುದು ಎಂದು ಲ್ಯಾಪ್‌ಟಾಪಿನಿಂದ ಕಲಿಸಿಕೊಡಬೇಕು.

"ಇದ್ದ್ ಕೀ ಎಲ್ಲ ಕೊಡಿ ಅಕ್ಕ," ಎಂದ ಮೆಕ್ಯಾನಿಕ್. "ಈಗ ಕಲ್ಸದ್ದೇ ಇದ್ದ್ ಕೀಯಂಗೆ ಇನ್ನ್ ಗಾಡಿ ಸ್ಟಾರ್ಟ್ ಆತಿಲ್ಲೆ."

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಇಪ್ಪುದ್ ಒಂದೇ ಕೀ," ಎಂದೆ.

ಮನೆಗೆ ಬಂದು ಕಾರು ಸರಿಯಾಯಿತು ಎಂದಷ್ಟೇ ಹೇಳಿದೆ. ಭಾವನಿಗೆ ಖುಷಿಯಾಯಿತು, ಬ್ರೋಕರನ ಮಾತು ಮತ್ತೆ ಎತ್ತಲಿಲ್ಲ. ಭಾನುವಾರ ನನಗೆ ಬ್ರಹ್ಮಾವರದಲ್ಲಿ ಮಧ್ಯಾಹ್ನ ಮೇಲಿನ ಮುಹೂರ್ತದ ಮದುವೆ ಇತ್ತು. ಅವತ್ತು ಬೆಳಿಗ್ಗೆ ಭಾವ ಕಮಿಟಿಯವರನ್ನೆಲ್ಲ ಮನೆಗೆ ಕರೆದು ತಿಂಡಿ ಕೊಟ್ಟು, ದೇವಸ್ಥಾನದ ಕೆಲಸಕ್ಕೆ ಬೈಂದೂರಿಗೆ ನಮ್ಮ ಕಾರಿನಲ್ಲೇ ಹೋಗುವ ಎಂದು ಬಿಳಿ ಪಂಚೆ ಉಟ್ಟು ಹೊರಟರು. ಬಾಗಿಲೇನೋ ತೆರೆಯಿತು. ಎಲ್ಲರೂ ಹತ್ತಿ ಕುಳಿತರು. ಭಾವ ಕೀ ತಿರುಗಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಮಿಣುಕಿತೇ ಹೊರತು ಎಂಜಿನ್ ಏಳಲಿಲ್ಲ. ಮತ್ತೆ ತಿರುಗಿಸಿದರು, ಕೀ ತೆಗೆದು ಪಂಚೆಗೆ ಒರೆಸಿ ತಿರುಗಿಸಿದರು. ಹಿಂದಿನ ಸೀಟಿನಿಂದ ಯಾರೋ, "ಹ್ವಾಯ್, ಎಂತ ಆಯ್ತ್ ಮಾರಾಯ್ರೆ?" ಎಂದರು. ಭಾವನ ಕುತ್ತಿಗೆಯಲ್ಲಿ ಬೆವರಿಳಿಯುವುದನ್ನು ನಾನು ಕಣ್ತುಂಬ ನೋಡಿದೆ.

ಆಮೇಲೆ ಪೆಟ್ಟಿಗೆ ಹಿಡಿದು ಜಗುಲಿಯಿಂದ ಇಳಿದು ಬಂದೆ.

"ಭಾವ, ಒಂಚೂರ್ ಇಳಿನಿ. ನಂಗೆ ಮದಿಗೆ ಹೊತ್ತಾಯ್ತ್."

ಇಳಿದರು. ಕಮಿಟಿಯವರೂ ಒಬ್ಬೊಬ್ಬರಾಗಿ ಇಳಿದರು. ನನ್ನ ಕೀ ತಿರುಗಿಸುತ್ತಲೇ ಕಾರು ಎದ್ದಿತು. ಗೇಟು ದಾಟುವ ಮೊದಲು ಗಾಜು ಇಳಿಸಿ, ಕೆಟ್ಟದ್ದು ಯಾವುದು, ಕೆಡಿಸಿದ್ದು ಯಾವ ನೀರು ಎಂದು ಕಮಿಟಿಯವರಿಗೆ ಕೇಳುವಂತೆ ಹೇಳಿದೆ. ಯಾರೂ ನಗಲಿಲ್ಲ. ಬ್ರಹ್ಮಾವರದ ಹಾಲ್ ಮುಟ್ಟುವ ತನಕ ನಾನೊಬ್ಬಳೇ ನಗುತ್ತಿದ್ದೆ.

ಎರಡು ದಿನ ಕಳೆದು ಅತ್ತೆ ಅಡುಗೆಮನೆಯಲ್ಲಿ ಮೆಲ್ಲಗೆ ಮಾತು ತೆಗೆದರು. "ಅವಂಗೂ ಒಂದ್ ಕೀ ಸರಿ ಮಾಡ್ಸಿ ಕೊಡ್ ಮಾರಾಯ್ತಿ. ಒಂದೇ ಮನೆಯಂಗೆ ಇದ್ಕಂಡ್ ಹೀಂಗೆ ಆರೆ ಹ್ಯಾಂಗೆ?"

"ಕೊಡ್ತೆ ಅತ್ತೆ. ತಪ್ಪ್ ನಂದಲ್ಲ, ಅವ್ರದ್ದ್ ಅಂದೇಳಿ ಆ ಬೈಂದೂರ್ ಹೆಣ್ಣಿನ್ ಮನಿಗ್ ಹೋಯಿ ಒಂದ್ ಮಾತ್ ಹೇಳಿ ಬರ್ಲಿ. ಮರ್ದಿನವೇ ಕೊಡ್ತೆ."

ಇನ್ನೊಂದು ಕೀಯನ್ನು ಕಾರಿಗೆ ಕಲಿಸಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು ಎಂದು ಮೆಕ್ಯಾನಿಕ್ ಹೇಳಿದ್ದ. ಅದನ್ನೂ ಅತ್ತೆಗೆ ಹೇಳಿದೆ, ಸ್ವಲ್ಪ ದೊಡ್ಡ ದನಿಯಲ್ಲೇ. ಭಾವ ಪಕ್ಕದ ಕೋಣೆಯಲ್ಲೇ ಇದ್ದರು. ಮರುದಿನ ಬೆಳಿಗ್ಗೆ ಅವರು ರಿಕ್ಷಾ ಕರೆಸಿಕೊಂಡು ಹೋದರು. ಇವತ್ತೂ ರಿಕ್ಷಾದಲ್ಲೇ ಹೋದರು.