ಎರಡು ತೋಳಿನ ದೋಣಿ

ಮೊನ್ನೆ ಸೋಮವಾರ ಮಸ್ಕಿಯಲ್ಲಿ ಅತ್ತೆಯ ಮಗಳು ತನ್ನ ತಾಯಿಯ ಗಂಟು ಬಿಚ್ಚಿದಳು. ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯ ವಾಸನೆ ಬಂತು. ಒಳಗಿದ್ದದ್ದು ಒಂಬತ್ತು ಖಾಕಾ. ಎಣಿಸಿ ಬರೆದುಕೊಂಡೆ.

ಅತ್ತೆ ಎಂದರೆ ಸಿಂಧನೂರಿನಲ್ಲಿ ನಮ್ಮ ಎದುರು ಮನೆಯವರು. ಮಗ್ಗ ಎನ್ನುವ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ರವಿಕೆಗಳಿಗೆ ಮಗ್ಗಂ ವರ್ಕ್ ಕಸೂತಿ ಮಾಡುತ್ತಿದ್ದರು. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದ ಕಾಗದವೇ ಖಾಕಾ. ಬಟ್ಟೆಯ ಮೇಲಿಟ್ಟು ನೀಲಿ ಒರೆಸಿದರೆ ಚಿತ್ರ ಚುಕ್ಕಿಗಳಾಗಿ ಕೆಳಗಿಳಿಯುತ್ತದೆ. ಆಗ ನಾನು ಒಂಬತ್ತನೇ ತರಗತಿ. ಸಂಜೆ ಒರೆಸುವ ಕೆಲಸ ನನ್ನದು.

ಲಿಂಗಸುಗೂರಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಅತ್ತೆ ಅದರ ಗೋಡೆಯ ಎರಡು ಪಿಂಗಾಣಿ ಬಿಲ್ಲೆ ತಂದಿದ್ದರು. ಬಿಳಿಯ ಮೇಲೆ ನೀಲಿ ದೋಣಿ, ಹುಟ್ಟು ಹಾಕುವ ಒಬ್ಬ ಮನುಷ್ಯ. ಎರಡರಲ್ಲೂ ಅದೇ ಮನುಷ್ಯ, ಅದೇ ಬಾಗಿದ ಬೆನ್ನು...

"ಕೈಲೆ ಎರಡು ಸಲ ಹಿಂಗ ಬರಂಗಿಲ್ಲ ಬೇ. ಇದು ಖಾಕಾ," ಎಂದರು.

ಫೋನಿನಲ್ಲಿ ಹುಡುಕಿದೆ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಗೆಯ ಕೆಲಸ. ಅವರೂ ಕಾಗದ ಚುಚ್ಚಿ, ಇದ್ದಿಲ ಪುಡಿ ಇಳಿಸಿ, ಚುಕ್ಕಿಗಳ ಮೇಲೆ ಕುಂಚ ಎಳೆಯುತ್ತಿದ್ದರು. ಇದ್ದಿಲು ಭಟ್ಟಿಯಲ್ಲಿ ಸುಟ್ಟುಹೋಗುತ್ತಿತ್ತು. ನೀಲಿ-ಬಿಳಿಯ ಹುಚ್ಚು ಅವರಿಗೆ ಹತ್ತಿದ್ದು ಚೀನಾದ ಪಿಂಗಾಣಿ ನೋಡಿ. ಓದಿ ಹೇಳಿದೆ. ಅತ್ತೆ ನಕ್ಕರು.

"ಅವರು ಚೀನಾದವರದು ಕದ್ದಾರ, ನಾ ಅವರದು ಕದೀತೀನಿ. ನೀ ಪೊಲೀಸರಿಗೆ ಹೇಳಬ್ಯಾಡ ಮತ್ತ!"

ಆ ದೋಣಿ ಮಗಳ ಮದುವೆಯ ರವಿಕೆಗೆ, ತೋಳಿಗೊಂದರಂತೆ. ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂಜಾಗುತ್ತಿತ್ತು. ಇದೊಂದು ಸರಿಯಾಗಿ ಬಂದರೆ ಮಗ್ಗ ಬಿಡುವುದಿಲ್ಲ, ತಪ್ಪಿದರೆ ಅಲ್ಲಿಗೆ ಮುಗಿಯಿತು ಎಂದಿದ್ದರು. ಖಾಕಾಕ್ಕೆ ೧,೧೪೬ ತೂತು. ನಾನೇ ಎಣಿಸಿದ್ದು.

ಎರಡನೇ ತೋಳಿಗೆ ಖಾಕಾವನ್ನು ಮಗುಚಿ ಹಾಕಬೇಕು. ಆಗಲೇ ಚಿತ್ರಗಳು ಎದುರುಬದುರಾಗುತ್ತವೆ. ಬಿಲ್ಲೆಗಳಲ್ಲಿ ಎರಡೂ ದೋಣಿ ಒಂದೇ ಕಡೆ ಹೊರಟಿದ್ದವು. ಅದನ್ನೇ ನೋಡುತ್ತ ನಾನು ಮಗುಚದೆ ಒರೆಸಿದೆ. ಅತ್ತೆ ನನ್ನ ಚುಕ್ಕಿಗಳನ್ನು ನಂಬಿ ಹದಿನೇಳು ದಿನ ಕೂತರು.

ಮದುವೆಯ ದಿನ ಒಂದು ದೋಣಿ ಎದೆಯ ಕಡೆ ಹೊರಟಿತ್ತು, ಇನ್ನೊಂದು ಬೆನ್ನಿನ ಕಡೆ. ಮದುಮಗಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಮರುವಾರ ಅತ್ತೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿಸಿದರು. ನನ್ನನ್ನು ಬೈಯಲಿಲ್ಲ. ಚಹಾಕ್ಕೆ ಕರೆಯುವುದನ್ನೂ ಬಿಡಲಿಲ್ಲ. ದೋಣಿ ತಪ್ಪಿದ್ದನ್ನು ಮಗಳೇ ಹೇಳಿರಬೇಕು ಅಂದುಕೊಂಡೆ...

ಅತ್ತೆ ತೀರಿಕೊಂಡು ಈಗ ಮೂರು ತಿಂಗಳು. ಗಂಟು ಮತ್ತೆ ಕಟ್ಟುತ್ತ ಮಗಳು ಕೇಳಿದಳು: "ದೋಣಿ ತಪ್ಪಿದ್ದು ಅವ್ವಗ ಅಷ್ಟು ಲಗೂನ ಯಾಕ ಹೇಳಿದಿ? ಸ್ವಲ್ಪ ದಿನ ತಡೀಬೇಕಿತ್ತು."

"ನಾ ಹೇಳಿಲ್ಲಕ್ಕಾ. ನೀನೇ ಹೇಳಿದಿ ಅಂತ ತಿಳಿದಿದ್ದೆ."

"ನಾನೂ ಹೇಳಿಲ್ಲ ಬೇ." ಅವಳ ಕೈ ನಿಂತಿತು. "ಅವತ್ತು ಸೆರಗು ಸರಿ ಮಾಡುವಾಗ ಎರಡೂ ತೋಳಿನ ದೋಣಿ ಮೂತಿತನಕ ಬೆರಳಿಲೆ ಸವರಿದ್ಳು. ಛಲೋ ಬಂದೈತಿ ಅಂದ್ಳು."

ಸಿಂಧನೂರಿಗೆ ಮರಳಿ ಬಂದು ಎದುರು ಮನೆಯ ಮುಂದೆ ನಿಂತೆ. ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನದು ಎಂದು ಹೇಳಲು ಅಲ್ಲಿ ಯಾರೂ ಇಲ್ಲ.