ಮೈಮೇಲಿನ ಲೋಹ

ನನ್ನ ಎಡಭುಜದ ಕೆಳಗೆ, ಚರ್ಮದೊಳಗೆ ಒಂದು ಪೆಟ್ಟಿಗೆ ಇದೆ ಮಕ್ಕಳೇ. ಗಾತ್ರದಲ್ಲಿ ಬೆಂಕಿಪೆಟ್ಟಿಗೆಯಷ್ಟು. ಎದೆ ಬಡಿತ ನಿಧಾನವಾದರೆ ಅದು ತಟ್ಟಿ ಎಬ್ಬಿಸುತ್ತದೆ. ನೀವು ಅಪ್ಪಿಕೊಂಡಾಗ ನಾನು ಬಲಕ್ಕೆ ವಾಲುವುದು ಅದಕ್ಕೇ. ಪೆಟ್ಟಿಗೆ ಹಾಕಿದ ಡಾಕ್ಟರು ಒಂದು ಕಾರ್ಡು ಕೊಟ್ಟು, ಆಯಸ್ಕಾಂತ ಎದೆಯ ಹತ್ತಿರ ಬಂದರೆ ಜೀವಕ್ಕೆ ಅಪಾಯ, ಎಲ್ಲಿ ಹೋದರೂ ಮೊದಲು ಇದನ್ನು ತೋರಿಸಿ ಎಂದಿದ್ದರು. ಊರಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಎದೆಯ ವಿಷಯ ಹೇಗೆ ಹೇಳುವುದು?

ಅಘನಾಶಿನಿ ಹೊಳೆಯ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚಿಪ್ಪಿ ಹೆಕ್ಕಿದ ಮೊಣಕಾಲು ನನ್ನದು. ಹೋದ ವರ್ಷ ನೋವು ಹೆಚ್ಚಾಯಿತು. ಪಕ್ಕದ ಮನೆಯವಳು ಬಿಡಲಿಲ್ಲ.

"ಹೊನ್ನಾವರಕ್ಕೆ ಹೋಗ್ವ ಬಾ ಮಾರಾಯ್ತಿ. ಗುಳಿಗೆ ಇಲ್ಲ, ಸೂಜಿ ಇಲ್ಲ, ಬರೀ ಪಟ್ಟಿ ಕಟ್ತಾರೆ. ನಾನು ಈಗ ಓಡ್ತೆ, ನೋಡು."

"ಓಡೂದು ನಾಯಿ ಬೆನ್ನಟ್ಟಿದ್ರೆ ಮಾತ್ರ" ಎಂದೆ. ಆದರೂ ಹೋದೆ.

ಬಾಗಿಲಲ್ಲಿ ಬೋರ್ಡು ಓದಿ ಅಲ್ಲೇ ನಿಂತುಬಿಟ್ಟೆ: ಆಯಸ್ಕಾಂತ ಚಿಕಿತ್ಸೆ. ಅಷ್ಟರಲ್ಲಿ ಅವಳು ನನ್ನ ಹೆಸರು ಬರೆಸಿ ಆಗಿತ್ತು. ಕಾಲಿಗೆ ತಾನೇ, ಎದೆ ದೂರ ಇದೆ ಎಂದು ಸಮಾಧಾನ ಮಾಡಿಕೊಂಡೆ. ಕಾರ್ಡು ಚೀಲದಲ್ಲೇ ಇತ್ತು.

ಮಂಚದ ಮೇಲೆ ಮಲಗಿಸಿದ ಹುಡುಗಿ ಕೇಳಿದಳು, "ಅಮ್ಮಾ, ಮೈಮೇಲೆ ಲೋಹ ಎಂತಾದ್ರೂ ಇದ್ಯಾ?"

ನಿಮ್ಮ ಅಜ್ಜ ತೀರಿಹೋದ ಮೇಲೆ ತೆಗೆಸಿದ ತಾಳಿ, ಕಾಲುಂಗುರವೇ ನನಗೆ ನೆನಪಾದದ್ದು. ನಾಚಿಕೆಯಿಂದ ಕುಗ್ಗಿಹೋದೆ.

"ಎಂತದೂ ಇಲ್ಲ" ಎಂದೆ.

ಅವಳು ನನ್ನ ಬೋಳು ಕೈ, ಬೋಳು ಕುತ್ತಿಗೆ ನೋಡಿ ಮತ್ತೆ ಕೇಳಲಿಲ್ಲ. ಮೊಣಕಾಲಿಗೆ ದಪ್ಪ ಪಟ್ಟಿ ಕಟ್ಟಿದಳು. ನಾನು ಉಸಿರು ಬಿಗಿಹಿಡಿದು ಎದೆಯ ಬಡಿತ ಕೇಳುತ್ತಾ ಮಲಗಿದ್ದೆ. ನಡುವೆ ತೆಳು ಪರದೆ, ಆಚೆ ಮಂಚದಲ್ಲಿ ಯಾರೋ ಗಂಡಸು ಕೆಮ್ಮುತ್ತಿದ್ದ.

"ಎದೆ ಮೇಲೂ ಒಂದು ಇಡ್ತೆ ಅಮ್ಮಾ, ರಕ್ತ ಚಲೋ ಓಡ್ತದೆ" ಎಂದು ಅವಳು ಇನ್ನೊಂದು ಪಟ್ಟಿ ತಂದಳು.

ಬೇಡ ಅನ್ನಬೇಕು. ನಾನು ಪರದೆಯ ಕಡೆ ನೋಡಿದೆ. ಪಟ್ಟಿ ಹತ್ತಿರ ಬರುತ್ತಿದ್ದಂತೆ ಸೆರಗಿಗೆ ಚುಚ್ಚಿದ್ದ ಪಿನ್ನು ತಾನಾಗಿ ಎದ್ದು ನಿಂತು ಬಟ್ಟೆಯನ್ನು ಎಳೆಯಿತು. ಎದೆಯಲ್ಲಿ ಏನೋ ದಡದಡ ಬಡಿಯಿತು. ಹೆದರಿಕೆಯೋ ಪೆಟ್ಟಿಗೆಯೋ, ಈಗಲೂ ಗೊತ್ತಿಲ್ಲ.

"ಪೆಟ್ಟಿಗೆ! ಪೆಟ್ಟಿಗೆ!" ಎಂದು ಕೂಗಿದೆ.

"ಚೀಲ ಮಂಚದ ಕೆಳಗೇ ಇದ್ದು, ಅಮ್ಮಾ. ಯಾರೂ ತಕಂಡು ಹೋಗೂದಿಲ್ಲ."

"ಚೀಲ ಅಲ್ವೇ ತಂಗಿ, ಎದೆ ಒಳಗೆ! ಎದೆ ಒಳಗೆ ಮಿಷನ್ ಇದ್ದು!"

ಅವಳು ಪಟ್ಟಿ ಹಿಡಿದುಕೊಂಡೇ ಗೋಡೆಯವರೆಗೆ ಹಿಂದೆ ಸರಿದಳು. ಪರದೆಯಾಚೆಯ ಕೆಮ್ಮು ನಿಂತುಹೋಗಿತ್ತು.

ಅಲ್ಲಿಂದ ನೇರ ಕುಮಟೆಯ ಡಾಕ್ಟರ ಹತ್ತಿರ ಹೋದೆವು. ಪೆಟ್ಟಿಗೆ ಸರಿಯಾಗಿದೆ ಎಂದರು. ಬಸ್ಸಿನಲ್ಲಿ ಪಕ್ಕದ ಮನೆಯವಳು ನನ್ನ ಕೈ ಬಿಡಲೇ ಇಲ್ಲ. "ಇಷ್ಟು ವರ್ಷ ನನ್ನ ಮನೆ ಸಾರಿಗೆ ಉಪ್ಪು ಎಷ್ಟು ಅಂತ ನಿಂಗೆ ಗೊತ್ತು, ಇದೊಂದು ಹೇಳೂಕೆ ಆಗಲಿಲ್ವನೇ?" ಎಂದು ಅತ್ತಳು.

ಆ ಮಂಚದ ಮೇಲೆ ನಾನು ಸಾವಿಗಿಂತ ಹೆಚ್ಚು ಹೆದರಿದ್ದು ಆ ಗಂಡಸಿಗೆ ಕೇಳೀತು ಎಂದು. ಕಾರ್ಡು ನನ್ನ ಚೀಲದ ಹೊರಜೇಬಿನಲ್ಲಿದೆ. ನನಗೆ ಮಾತು ಬಾರದೆ ಹೋದರೆ ನೀವು ಅದನ್ನು ತೋರಿಸಿ, ಗಟ್ಟಿಯಾಗಿ ಹೇಳಿ.